ಎಂಜಿನ್ ಮೊಂಡು ಹಿಡಿದಾಗ: ಸಣ್ಣ ವಿಮಾನದ ಪಿಸ್ಟನ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು?

"ಹಾರಾಟದಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ಮ್ಯಾಗ್ನೆಟೊ ಪರೀಕ್ಷೆಯಲ್ಲೂ ದೋಷ ಕಾಣುವುದಿಲ್ಲ. ಸ್ಟಾರ್ಟ್ ಮಾಡುವಾಗ ಮಾತ್ರ ಸತಾಯಿಸುತ್ತದೆ, ಯಾಕೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅರ್ಧ ಉತ್ತರ ಪ್ರಶ್ನೆಯಲ್ಲೇ ಇದೆ. ಸ್ಟಾರ್ಟ್ ಆಗುವ ಕೆಲವೇ ಸೆಕೆಂಡು ದುಡಿದು ಆಮೇಲೆ ಸುಮ್ಮನಾಗುವ ಭಾಗಗಳು ಈ ಎಂಜಿನ್ನುಗಳಲ್ಲಿ ಹಲವಿವೆ: ಸ್ಟಾರ್ಟರ್, ಮೊದಲ ಇಂಧನ ಚಿಮುಕಿಸುವ ಪ್ರೈಮರ್, ಪ್ಲಗ್ಗಿಗೆ ಕಿಡಿ ಕಳಿಸುವ ಮ್ಯಾಗ್ನೆಟೊದ ಇಂಪಲ್ಸ್ ಕಪ್ಲಿಂಗ್, ಕೀಲಿಯ ಸ್ಟಾರ್ಟ್ ಸ್ಥಾನದ ವೈರಿಂಗ್. ಇವು ಕೆಟ್ಟಿದ್ದರೂ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಆದ್ದರಿಂದ "ಓಡುವಾಗ ಸರಿಯಿದೆ" ಎಂಬುದನ್ನು ಪುರಾವೆಯಾಗಿ ಹಿಡಿಯಬೇಡಿ. ಸ್ಟಾರ್ಟ್ ಹೊತ್ತಿಗೆ ಮಾತ್ರ ಕೆಲಸ ಮಾಡುವ ಭಾಗಗಳಿಂದಲೇ ಹುಡುಕಲು ಶುರುಮಾಡಿ.

ಈ ಲೇಖನ ಮುಖ್ಯವಾಗಿ ಲೈಕಮಿಂಗ್ ಮತ್ತು ಕಾಂಟಿನೆಂಟಲ್‌ನ ನಾಲ್ಕು ಹಾಗೂ ಆರು ಸಿಲಿಂಡರಿನ, ಗಾಳಿಯಿಂದ ತಣಿಯುವ ಎಂಜಿನ್ನುಗಳ ಬಗ್ಗೆ. ರೋಟ್ಯಾಕ್ಸ್ 912ರ ರೀತಿ ಬೇರೆ. ಅದಕ್ಕೊಂದು ಟಿಪ್ಪಣಿ ಕೊನೆಯಲ್ಲಿದೆ. ಇಲ್ಲಿ ಕೊಟ್ಟ ಅಂಕಿಗಳಿಗೂ ನಿಮ್ಮ ವಿಮಾನದ ಅಥವಾ ಎಂಜಿನ್ನಿನ ಕೈಪಿಡಿಗೂ ವ್ಯತ್ಯಾಸ ಬಂದರೆ ಕೈಪಿಡಿಯೇ ಅಂತಿಮ. ಗಮನಿಸುವುದು, ಬರೆದಿಡುವುದು, ಸರಿಯಾದ ಕ್ರಮದಲ್ಲಿ ಸ್ಟಾರ್ಟ್ ಮಾಡುವುದು ಪೈಲಟ್ ಕೆಲಸ. ಮ್ಯಾಗ್ನೆಟೊ, ಇಂಧನ ವ್ಯವಸ್ಥೆ, ವೈರಿಂಗ್ ಬಿಚ್ಚುವುದು ಪರವಾನಗಿ ಇರುವ ಎಂಜಿನಿಯರ್ ಕೆಲಸ. ನೀವು ಕೊಡುವ ವಿವರ ನಿಖರವಾಗಿದ್ದಷ್ಟೂ ಅವರಿಗೆ ದೋಷ ಬೇಗ ಸಿಗುತ್ತದೆ.

ಕೈ ಹಾಕುವ ಮುನ್ನ

ಪ್ರೊಪೆಲ್ಲರ್ ಯಾವಾಗಲೂ ಜೀವಂತವಾಗಿದೆ ಎಂದೇ ತಿಳಿಯಿರಿ. ಮ್ಯಾಗ್ನೆಟೊ ಎಂದರೆ ಒಳಗೆ ಆಯಸ್ಕಾಂತ ತಿರುಗಿದಾಗ ತಾನೇ ವಿದ್ಯುತ್ ಹುಟ್ಟಿಸಿ ಪ್ಲಗ್ಗಿಗೆ ಕಿಡಿ ಕಳಿಸುವ ಪುಟ್ಟ ಜನರೇಟರ್. ಅದಕ್ಕೆ ಬ್ಯಾಟರಿ ಬೇಡ. ಕೀಲಿಯನ್ನು ಆಫ್ ಮಾಡಿದಾಗ ಅದಕ್ಕೆ ಬರುವ ವಿದ್ಯುತ್ತು ಕಡಿತವಾಗುವುದಿಲ್ಲ. ಪಿ-ಲೀಡ್ ಎಂಬ ತಂತಿಯ ಮೂಲಕ ಮ್ಯಾಗ್ನೆಟೊವನ್ನು ಅರ್ತಿಂಗ್ ಮಾಡಿ ಸುಮ್ಮನಿರಿಸುತ್ತದೆ, ಅಷ್ಟೇ. ಆ ತಂತಿ ಕಡಿದಿದ್ದರೆ ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೊ ಕಿಡಿ ಹೊಡೆಯುತ್ತದೆ. ಕೈಯಲ್ಲಿ ಅರ್ಧ ಸುತ್ತು ತಿರುಗಿಸಿದ್ದಕ್ಕೇ ಎಂಜಿನ್ ಹೊತ್ತಿಕೊಂಡು ಕೈ ಹೋದೀತು, ಜೀವವೂ ಹೋದೀತು.

ಪ್ರೊಪೆಲ್ಲರ್ ಮುಟ್ಟಬೇಕಾದ ಪ್ರತಿಸಲವೂ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಬಾಲ ಕಟ್ಟಿ. ಮಿಕ್ಸ್ಚರ್, ಅಂದರೆ ಗಾಳಿಗೆ ಬೆರೆಯುವ ಇಂಧನವನ್ನು ಹೊಂದಿಸುವ ಗುಬ್ಬಿ, ಐಡಲ್ ಕಟ್-ಆಫ್‌ನಲ್ಲಿ, ಎಂದರೆ ಇಂಧನ ಪೂರ್ತಿ ನಿಲ್ಲುವಷ್ಟು ಹಿಂದಕ್ಕೆ ಎಳೆದಿರಲಿ. ಥ್ರಾಟಲ್ ಮುಚ್ಚಿ, ಇಂಧನದ ಕವಾಟ ಮುಚ್ಚಿ, ಕೀಲಿ ಆಫ್ ಮಾಡಿ ಹೊರಗೆ ತೆಗೆಯಿರಿ. ಕೈಯಲ್ಲಿ ಸುತ್ತಬೇಕಿದ್ದರೆ ಮೊದಲು ಪ್ರತಿ ಸಿಲಿಂಡರಿನಿಂದ ಮೇಲಿನ ಪ್ಲಗ್ ಬಿಚ್ಚಿ. ಆಗ ಒತ್ತಡ ಕಟ್ಟುವುದಿಲ್ಲ, ಎಂಜಿನ್ ಹೊತ್ತಿಕೊಳ್ಳುವುದೂ ಇಲ್ಲ.

ಬೇಕಾಗುವ ಸಾಮಾನು: ಮಲ್ಟಿಮೀಟರ್, 7/8 ಇಂಚಿನ ಆಳದ ಪ್ಲಗ್ ಸಾಕೆಟ್, ಟಾರ್ಕ್ ವ್ರೆಂಚ್, ದುಂಡು ತಂತಿಯ ಗ್ಯಾಪ್ ಗೇಜ್, ಮ್ಯಾಗ್ನೆಟೊ ಟೈಮಿಂಗ್ ಲೈಟ್, ಪ್ಲಗ್ಗಿಗೆ ಹೊಸ ತಾಮ್ರದ ವಾಷರ್‌ಗಳು, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಾಧನ.

ಹಂತ 1: ಮುಟ್ಟಬೇಡಿ, ಮೊದಲು ಬರೆಯಿರಿ

ದೋಷ ಯಾವಾಗ ಕಾಣಿಸುತ್ತದೆ ಎಂಬುದೇ ಅದು ಎಲ್ಲಿದೆ ಎಂದು ಮುಕ್ಕಾಲು ಪಾಲು ಹೇಳಿಬಿಡುತ್ತದೆ. ಮೂರ್ನಾಲ್ಕು ಸಲದ ವಿವರ ಒಂದು ಚೀಟಿಯಲ್ಲಿ ಬರೆಯಿರಿ: ಹೊರಗಿನ ತಾಪಮಾನ, ಎಂಜಿನ್ ನಿಂತು ಎಷ್ಟು ಹೊತ್ತಾಗಿತ್ತು, ಪ್ರೈಮರ್ ಎಷ್ಟು ಸಲ ಒತ್ತಿದಿರಿ, ಥ್ರಾಟಲ್ ಎಷ್ಟು ತೆರೆದಿತ್ತು, ಪ್ರೊಪೆಲ್ಲರ್ ಹೇಗೆ ತಿರುಗಿತು, ಏನು ಕೇಳಿಸಿತು, ಏನು ವಾಸನೆ ಬಂತು.

- ಪ್ರೊಪೆಲ್ಲರ್ ನಿಧಾನಕ್ಕೆ, ತಡೆದು ತಡೆದು ತಿರುಗುತ್ತಿದ್ದರೆ ಹಂತ 3.
- ಎಂಜಿನ್ ಹೊತ್ತಿಕೊಳ್ಳುವುದು ಕೀಲಿಯನ್ನು ಸ್ಟಾರ್ಟ್‌ನಿಂದ ಬಿಟ್ಟ ಗಳಿಗೆಯಲ್ಲೇ ಆಗಿದ್ದರೆ ಹಂತ 4. ಇಷ್ಟು ಸ್ಪಷ್ಟ ಸುಳಿವು ಬೇರೊಂದಿಲ್ಲ.
- ಚುರುಕಾಗಿ ತಿರುಗಿಯೂ ಒಮ್ಮೆಯೂ ಕೆಮ್ಮದಿದ್ದರೆ ಹಂತ 4 ಮತ್ತು 5.
- ಬಿಸಿ ಇದ್ದಾಗ ಮಾತ್ರ ಕಾಟ ಕೊಟ್ಟರೆ ಹಂತ 6, ಚಳಿಯಲ್ಲಿ ಮಾತ್ರವಾದರೆ ಹಂತ 7.
- ಪ್ರೊಪೆಲ್ಲರ್ ಹಿಂದಕ್ಕೆ ಒದ್ದರೆ ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸಿ. ಕಾರಣ ಸಿಗುವವರೆಗೆ ಮತ್ತೆ ಕೀಲಿ ತಿರುಗಿಸಬೇಡಿ. ಸ್ಟಾರ್ಟರಿನ ಮುಂಭಾಗ ಒಡೆಯುವುದು, ಸ್ಟಾರ್ಟರ್ ಕಚ್ಚಿ ತಿರುಗಿಸುವ ರಿಂಗ್ ಗೇರಿನ ಹಲ್ಲು ಹೋಗುವುದು ಹೀಗೆಯೇ.

ಹಂತ 2: ಕ್ರಮ ಸರಿಯಿದೆಯೇ?

ಭಾಗ ಬಿಚ್ಚುವುದಕ್ಕೆ ಮೊದಲು ಕೈಪಿಡಿ ಬಿಚ್ಚಿ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಥ್ರಾಟಲ್ಲನ್ನು ಅತಿಯಾಗಿ ತೆರೆಯುವುದು. ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ಕಾರ್ಬುರೇಟರ್ ಇಂಧನ ಕೊಡುವುದು ಐಡಲ್ ರಂಧ್ರಗಳಿಂದ. ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿದ್ದಾಗ ಮಾತ್ರ ಆ ರಂಧ್ರಗಳ ಮೇಲೆ ಎಳೆತ ಹುಟ್ಟುತ್ತದೆ. ಹೆಚ್ಚು ತೆರೆದರೆ ಎಳೆತ ಕುಸಿದು ಸಿಲಿಂಡರಿಗೆ ಬರೀ ಗಾಳಿ ಹೋಗುತ್ತದೆ. ಕೈಪಿಡಿ ಕಾಲು ಇಂಚು ಎಂದರೆ ಕಾಲು ಇಂಚೇ.

ಎರಡನೆಯದು, ಎಂಜಿನ್ ಹಸಿದಿದೆಯೋ ಓವರ್‌ಫ್ಲೋ ಆಗಿದೆಯೋ ಎಂದು ತಿಳಿಯದೆ ಮತ್ತಷ್ಟು ಇಂಧನ ಸುರಿಯುವುದು. ಪೆಟ್ರೋಲಿನ ಗಾಢ ವಾಸನೆ, ಎಂಜಿನ್ ಮುಚ್ಚಳದ ಕೆಳಗಿನಿಂದ ತೊಟ್ಟಿಕ್ಕುವುದು, ಎಕ್ಸಾಸ್ಟಿನಿಂದ ಕಪ್ಪು ಹೊಗೆ ಕಂಡರೆ ಓವರ್‌ಫ್ಲೋ. ತೊಟ್ಟಿಕ್ಕುತ್ತಿದ್ದರೆ ಅದು ನಿಂತು ಆವಿ ಚದುರುವವರೆಗೆ ಕಾಯಿರಿ. ಆಮೇಲೆ ಮಿಕ್ಸ್ಚರ್ ಕಟ್-ಆಫ್, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ತಿರುಗಿಸಿ. ಹೆಚ್ಚಿನ ಇಂಧನ ಹೊರಹೋಗಿ ಮಿಶ್ರಣ ಹದಕ್ಕೆ ಬಂದಾಗ ಎಂಜಿನ್ ಹೊತ್ತಿಕೊಳ್ಳುತ್ತದೆ. ಆ ಕ್ಷಣ ಮಿಕ್ಸ್ಚರ್ ಮುಂದಕ್ಕೆ, ಥ್ರಾಟಲ್ ಹಿಂದಕ್ಕೆ. ಈ ಎರಡು ಕೈಚಳಕ ಒಟ್ಟಿಗೇ ಆಗಬೇಕು. ಥ್ರಾಟಲ್ ಪೂರ್ತಿ ತೆರೆದಂತೆಯೇ ಎಂಜಿನ್ ಎದ್ದರೆ ವಿಮಾನ ಮುನ್ನುಗ್ಗುತ್ತದೆ.

ಸ್ಟಾರ್ಟರಿಗೆ ವಿಶ್ರಾಂತಿ ಬೇಕು. ಸೆಸ್ನಾ 172ಎಸ್ ಕೈಪಿಡಿಯ ಲೆಕ್ಕ ಹೀಗಿದೆ: 10 ಸೆಕೆಂಡ್ ತಿರುಗಿಸಿ 20 ಸೆಕೆಂಡ್ ಬಿಡಿ, ಇದನ್ನು ಇನ್ನೆರಡು ಸಲ ಮಾಡಬಹುದು, ಆಮೇಲೆ 10 ನಿಮಿಷ ತಣಿಯಲು ಬಿಡಬೇಕು. ನಿಮ್ಮ ಸ್ಟಾರ್ಟರಿನ ಮಿತಿ ನೋಡಿಕೊಳ್ಳಿ. ಮೂರು ಸಲಕ್ಕೂ ಎದ್ದಿಲ್ಲವೆಂದರೆ ನಾಲ್ಕನೆಯದಕ್ಕೆ ಏಳಬೇಕಾದ ಕಾರಣವೇನೂ ಇಲ್ಲ. ನಿಂತು ಯೋಚಿಸುವ ಹೊತ್ತು ಅದು.

ಹಂತ 3: ತಿರುಗುವ ವೇಗ

ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿ ಪಡೆದ ಮೇಲೆ ವೋಲ್ಟೇಜ್ ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ 12.6 ಅಥವಾ ಹೆಚ್ಚು, 24 ವೋಲ್ಟಿನದು 25.2 ಅಥವಾ ಹೆಚ್ಚು ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 12ರದ್ದು ಸುಮಾರು 9ಕ್ಕಿಂತ, 24ರದ್ದು 18ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ.

ಬ್ಯಾಟರಿ ಗಟ್ಟಿಯಿದ್ದೂ ಪ್ರೊಪೆಲ್ಲರ್ ನಿಧಾನವೆಂದರೆ ನಡುವೆ ಎಲ್ಲೋ ವೋಲ್ಟೇಜ್ ಸೋರುತ್ತಿದೆ. ಇಂಧನ ಮುಚ್ಚಿ, ಮಿಕ್ಸ್ಚರ್ ಕಟ್-ಆಫ್‌ನಲ್ಲಿಟ್ಟು, ಸ್ಟಾರ್ಟರ್ ತಿರುಗುತ್ತಿರುವಾಗ ಎರಡು ಕಡೆ ಅಳೆಯಿರಿ. ಮೀಟರಿನ ತಂತಿಗಳು ಉದ್ದವಿರಲಿ. ಅಳೆಯುವವರು ಪ್ರೊಪೆಲ್ಲರ್ ಸುತ್ತುವ ಬಯಲಿನಿಂದ ದೂರವಿರಲಿ. ಮೊದಲು ಬ್ಯಾಟರಿಯ ಧನ ತುದಿಯಿಂದ ಸ್ಟಾರ್ಟರಿನ ಬೋಲ್ಟಿಗೆ, ಆಮೇಲೆ ಬ್ಯಾಟರಿಯ ಋಣ ತುದಿಯಿಂದ ಸ್ಟಾರ್ಟರಿನ ಮೈಗೆ. ಒಂದೊಂದರಲ್ಲೂ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ ಕಂಡರೆ ಆ ದಾರಿಯ ಕೇಬಲ್, ಲಗ್, ಕಾಂಟ್ಯಾಕ್ಟರ್ ಒಂದೊಂದನ್ನೇ ಅಳೆಯುತ್ತ ಹೋಗಿ. ಕಾಂಟ್ಯಾಕ್ಟರ್ ಎಂದರೆ ಸಣ್ಣ ಸ್ವಿಚ್ಚಿನ ಅಪ್ಪಣೆಯಂತೆ ಭಾರಿ ಕರೆಂಟನ್ನು ಹಾಯಿಸುವ ರಿಲೇ. ಎಂಜಿನ್ನನ್ನೂ ವಿಮಾನದ ಚೌಕಟ್ಟನ್ನೂ ಜೋಡಿಸುವ ಅರ್ತಿಂಗ್ ಪಟ್ಟಿಯನ್ನು ಜನ ಮರೆಯುತ್ತಾರೆ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುವುದರಿಂದ ಕರೆಂಟ್ ಹಿಂದಿರುಗುವುದು ಆ ಪಟ್ಟಿಯಿಂದಲೇ. ಹಳೆಯ ಪೈಪರ್ ವಿಮಾನಗಳಲ್ಲಿ ಅಲ್ಯೂಮಿನಿಯಂ ಕೇಬಲ್ ಇದ್ದರೆ ಲಗ್ಗಿನೊಳಗಿನ ತುಕ್ಕು ಹೊರಗೆ ಕಾಣುವುದಿಲ್ಲ, ಮೀಟರಿಗೆ ಮಾತ್ರ ಕಾಣುತ್ತದೆ.

ಸ್ಟಾರ್ಟರ್ ಕಿರ್ರೆಂದು ಸುತ್ತಿಯೂ ಪ್ರೊಪೆಲ್ಲರ್ ಅಲುಗದಿದ್ದರೆ, ಬೆಂಡಿಕ್ಸ್ ಡ್ರೈವ್, ಅಂದರೆ ರಿಂಗ್ ಗೇರಿಗೆ ಹೋಗಿ ಕಚ್ಚಿಕೊಳ್ಳುವ ಸಣ್ಣ ಗೇರು, ಕೊಳೆಯಿಂದ ಅಂಟಿರಬಹುದು. ತೊಳೆದು ಸಿಲಿಕೋನ್ ಸ್ಪ್ರೇ ಹಾಕುತ್ತಾರೆ. ಎಣ್ಣೆ ಹಾಕಿದರೆ ಧೂಳು ಕೂತು ಮತ್ತೆ ಅಂಟುತ್ತದೆ. ದೊಡ್ಡ ಕಾಂಟಿನೆಂಟಲ್ ಎಂಜಿನ್ನುಗಳಲ್ಲಿ ಇದೇ ಲಕ್ಷಣಕ್ಕೆ ಸ್ಟಾರ್ಟರ್ ಅಡಾಪ್ಟರಿನ ಸ್ಪ್ರಿಂಗ್ ಕ್ಲಚ್ ಜಾರುವುದು ಕಾರಣ. ಸ್ಟಾರ್ಟರ್ ಬದಲಿಸಿದರೆ ಅದು ಸರಿಹೋಗುವುದಿಲ್ಲ.

ಹಂತ 4: ಸ್ಟಾರ್ಟ್ ಹೊತ್ತಿನ ಕಿಡಿ

ಹೆಚ್ಚಿನ ಮೊಂಡುತನದ ಬೇರು ಇಲ್ಲಿದೆ, ಆದ್ದರಿಂದ ನಿಧಾನವಾಗಿ ಓದಿ.

ಓಡುವ ಎಂಜಿನ್ನಿಗೆ ಕಿಡಿ ಬೇಕಾದದ್ದು ಪಿಸ್ಟನ್ ತುತ್ತತುದಿ ತಲುಪುವುದಕ್ಕೆ, ಎಂಜಿನ್ ತಿರುವಿನ ಲೆಕ್ಕದಲ್ಲಿ, ಸುಮಾರು 20ರಿಂದ 25 ಡಿಗ್ರಿ ಮೊದಲೇ. ಸ್ಟಾರ್ಟರ್ ನಿಧಾನಕ್ಕೆ ತಿರುಗಿಸುವಾಗ ಅಷ್ಟು ಮೊದಲೇ ಕಿಡಿ ಬಿದ್ದರೆ ಉರಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಅದೇ ಒದೆತ. ಜೊತೆಗೆ ಆ ನಿಧಾನ ವೇಗದಲ್ಲಿ ಮ್ಯಾಗ್ನೆಟೊಗೆ ಬಲವಾದ ಕಿಡಿ ಹುಟ್ಟಿಸುವ ಶಕ್ತಿಯೂ ಇರುವುದಿಲ್ಲ. ಎರಡಕ್ಕೂ ಒಂದೇ ಉಪಾಯ ಇಂಪಲ್ಸ್ ಕಪ್ಲಿಂಗ್. ಅದು ಮ್ಯಾಗ್ನೆಟೊದ ಅಚ್ಚನ್ನು ಕ್ಷಣಕಾಲ ಹಿಡಿದು ಸ್ಪ್ರಿಂಗ್ ಬಿಗಿಯುತ್ತದೆ, ಪಿಸ್ಟನ್ ತುದಿಗೆ ಬಂದಾಗ ಟಕ್ಕನೆ ಬಿಡುತ್ತದೆ. ಕಿಡಿ ತಡವಾಗಿಯೂ ಬರುತ್ತದೆ, ಗಟ್ಟಿಯಾಗಿಯೂ ಬರುತ್ತದೆ. ಎಂಜಿನ್ ಎದ್ದ ಕೂಡಲೇ ಒಳಗಿನ ತೂಕದ ಕೊಕ್ಕೆಗಳು ತಿರುಗುವ ರಭಸಕ್ಕೆ ಹೊರಸರಿದು ಈ ಏರ್ಪಾಡು ಬದಿಗೆ ಸರಿಯುತ್ತದೆ.

ಹಲವು ಎಂಜಿನ್ನುಗಳಲ್ಲಿ ಈ ಕಪ್ಲಿಂಗ್ ಎಡ ಮ್ಯಾಗ್ನೆಟೊಗೆ ಮಾತ್ರ. ಕೀಲಿ ಸ್ಟಾರ್ಟ್‌ನಲ್ಲಿ ಇರುವಾಗ ಬಲ ಮ್ಯಾಗ್ನೆಟೊ ಅರ್ತಿಂಗ್ ಆಗಿ ಸುಮ್ಮನಿರಬೇಕು. ಈಗ ಹಂತ 1ರ ಸುಳಿವಿಗೆ ಬನ್ನಿ. ಎಡದ ಇಂಪಲ್ಸ್ ಕೆಟ್ಟಿದ್ದರೆ ಸ್ಟಾರ್ಟ್‌ನಲ್ಲಿ ಎಷ್ಟು ತಿರುಗಿಸಿದರೂ ಸರಿಯಾದ ಕಿಡಿ ಇಲ್ಲ. ಕೀಲಿ ಬಿಟ್ಟಾಗ ಬಲ ಮ್ಯಾಗ್ನೆಟೊ ಜೀವಂತವಾಗಿ, ಉಳಿದ ತಿರುಗುವ ವೇಗದಲ್ಲೇ ಎಂಜಿನ್ ಹೊತ್ತಿಕೊಳ್ಳುತ್ತದೆ. ಇದನ್ನೇ ಸ್ಟಾರ್ಟ್ ಮಾಡುವ ಉಪಾಯವೆಂದು ಕಲಿತವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಿಡಿ ಬೀಳುವುದು 20–25 ಡಿಗ್ರಿ ಮೊದಲೇ, ಪ್ರತಿಸಲವೂ ಒದೆತದ ಅಪಾಯ ಇದ್ದೇ ಇದೆ.

ಪರೀಕ್ಷೆ ಹೀಗೆ:

1. ಮೇಲೆ ಹೇಳಿದ ಎಚ್ಚರಿಕೆಯೆಲ್ಲ ತೆಗೆದುಕೊಂಡು, ಮೇಲಿನ ಪ್ಲಗ್ಗುಗಳನ್ನು ಬಿಚ್ಚಿ, ಪ್ರೊಪೆಲ್ಲರನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನಕ್ಕೆ ಸುತ್ತಿ.
2. ನಾಲ್ಕು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಎರಡು ಸಲ, ಆರು ಸಿಲಿಂಡರಿನಲ್ಲಿ ಮೂರು ಸಲ "ಟಕ್" ಎಂಬ ಚುರುಕು ಸದ್ದು ಕೇಳಬೇಕು.
3. ಸದ್ದು ತಪ್ಪಿದರೆ, ಮಂದವಾದರೆ, ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಕೊಕ್ಕೆಗಳು ಜಿಡ್ಡಿನಿಂದ ಅಂಟುತ್ತಿವೆ, ಆಯಸ್ಕಾಂತತೆ ಹತ್ತಿ ಹಿಡಿಯುತ್ತಿವೆ ಅಥವಾ ಸವೆದಿವೆ.

ಸವೆದ ಕಪ್ಲಿಂಗನ್ನು "ಇನ್ನೂ ಸ್ವಲ್ಪ ದಿನ ನಡೆಯಲಿ" ಎಂದು ಬಿಡುವಂತಿಲ್ಲ. ಅದರ ಚೂರು ಕಳಚಿದರೆ ಬೀಳುವುದು ಎಂಜಿನ್ನಿನ ಹಿಂಬದಿಯ ಗೇರುಗಳ ನಡುವೆ. ಸ್ಲಿಕ್, ಬೆಂಡಿಕ್ಸ್ ಎರಡೂ ಬಗೆಯ ಮ್ಯಾಗ್ನೆಟೊಗಳನ್ನು 500 ಗಂಟೆಗೊಮ್ಮೆ ಬಿಚ್ಚಿ ಪರೀಕ್ಷಿಸಲು ಹೇಳಿರುವುದಕ್ಕೆ ಇದೂ ಒಂದು ಕಾರಣ. ಆ ಗಡುವು ಮೀರಿದ್ದರೆ ಬೇರೆ ಕಡೆ ಹುಡುಕುವುದನ್ನು ಬಿಟ್ಟು ಮ್ಯಾಗ್ನೆಟೊವನ್ನೇ ಕಳಿಸಿ. ಮ್ಯಾಗ್ನೆಟೊದೊಳಗೆ ತೆರೆದುಕೊಂಡು ಕಿಡಿ ಹುಟ್ಟಿಸುವ ಸಂಪರ್ಕಗಳಾದ ಪಾಯಿಂಟುಗಳನ್ನು ತೆರೆಯುವ ಪಟ್ಟಿ ಸವೆದಂತೆ ಗ್ಯಾಪ್ ಕಿರಿದಾಗಿ, ನಿಧಾನ ವೇಗದ ಕಿಡಿ ಮೊದಲು ಸೊರಗುತ್ತದೆ. ಹಾರಾಟದ ವೇಗದಲ್ಲಿ ಅದು ಗೊತ್ತೇ ಆಗುವುದಿಲ್ಲ.

ಕೆಲವು ವಿಮಾನಗಳಲ್ಲಿ ಇಂಪಲ್ಸ್ ಬದಲು ಸ್ಟಾರ್ಟಿಂಗ್ ವೈಬ್ರೇಟರ್ ಇರುತ್ತದೆ. ಅದು ಬ್ಯಾಟರಿ ಕರೆಂಟನ್ನು ತುಂಡು ತುಂಡಾಗಿ ಕಳಿಸಿ, ಮ್ಯಾಗ್ನೆಟೊದ ತಡದ ಪಾಯಿಂಟುಗಳ, ಅಂದರೆ ಕಿಡಿಯನ್ನು ತಡವಾಗಿಸುವ ಇನ್ನೊಂದು ಜೊತೆ ಪಾಯಿಂಟುಗಳ, ಮೂಲಕ ಒಂದೇ ಕಿಡಿಯ ಬದಲು ಕಿಡಿಗಳ ಸುರಿಮಳೆ ಹರಿಸುತ್ತದೆ. ಸ್ಟಾರ್ಟ್‌ನಲ್ಲಿ ಜೇನ್ನೊಣದಂಥ ಗುಂಯ್‌ಗುಡುವ ಸದ್ದು ಬರಬೇಕು. ಸದ್ದಿಲ್ಲವೆಂದರೆ ವೈಬ್ರೇಟರ್ ಅಥವಾ ಅದಕ್ಕೆ ಬರುವ ತಂತಿ ಕೆಟ್ಟಿದೆ. ಸದ್ದು ಇದ್ದೂ ಎಂಜಿನ್ ಏಳದಿದ್ದರೆ ತಡದ ಪಾಯಿಂಟುಗಳನ್ನು ನೋಡಿಸಿ. ಇದು ಬ್ಯಾಟರಿಯನ್ನು ನಂಬಿದ ಏರ್ಪಾಡಾದ್ದರಿಂದ ಹಂತ 3ರ ವೋಲ್ಟೇಜ್ ನಷ್ಟ ಇಲ್ಲಿಯೂ ಹೊಡೆತ ಕೊಡುತ್ತದೆ.

ಒದೆತ ಇದ್ದರೆ ಕೀಲಿ ಸ್ವಿಚ್ಚಿನ ಹಿಂಬದಿ ನೋಡಿಸಿ. ಒಂದೇ ಇಂಪಲ್ಸ್ ಇರುವ ಎಂಜಿನ್ನಿನಲ್ಲಿ ಬಲ ಮ್ಯಾಗ್ನೆಟೊವನ್ನು ಸ್ಟಾರ್ಟ್‌ನಲ್ಲಿ ಸುಮ್ಮನಿರಿಸಲು ಸ್ವಿಚ್ಚಿನ ಎರಡು ತುದಿಗಳ ನಡುವೆ ಪುಟ್ಟ ಜಂಪರ್ ಪಟ್ಟಿ ಇರುತ್ತದೆ. ಎರಡೂ ಮ್ಯಾಗ್ನೆಟೊಗಳಿಗೆ ಇಂಪಲ್ಸ್ ಇದ್ದರೆ ಆ ಪಟ್ಟಿ ಇರಬಾರದು. ಸ್ವಿಚ್ ಅಥವಾ ಮ್ಯಾಗ್ನೆಟೊ ಬದಲಿಸಿದ ಮೇಲೆ ಶುರುವಾದ ತೊಂದರೆಗೆ ಈ ಪಟ್ಟಿಯೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಟೈಮಿಂಗನ್ನೂ ಇದೇ ಹೊತ್ತಿಗೆ ನೋಡಿಸಿ. ಎಷ್ಟು ಡಿಗ್ರಿ ಎಂಬುದು ಎಂಜಿನ್ನಿನ ಮೈಮೇಲಿನ ಫಲಕದಲ್ಲಿ ಇರುತ್ತದೆ. "ಈ ಮಾದರಿಗೆಲ್ಲ 25" ಎಂದು ನೆನಪಿನಿಂದ ಹೊರಟರೆ ತಪ್ಪಾದೀತು. ಇಂಪಲ್ಸ್ ಇರುವ ಮ್ಯಾಗ್ನೆಟೊದ ಟೈಮಿಂಗ್ ನೋಡುವ ಮುನ್ನ "ಟಕ್" ಎನ್ನಿಸಿ ಸ್ಪ್ರಿಂಗ್ ಬಿಡಿಸಿಕೊಂಡು, ಪ್ರೊಪೆಲ್ಲರನ್ನು ಗುರುತಿಗಿಂತ ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ತರಬೇಕು. ಇಲ್ಲದಿದ್ದರೆ ಸಿಗುವ ಲೆಕ್ಕವೇ ಸುಳ್ಳು.

ಇನ್ನು ಪ್ಲಗ್ಗುಗಳು. ದಪ್ಪ ಎಲೆಕ್ಟ್ರೋಡಿನ ವಿಮಾನ ಪ್ಲಗ್ಗಿಗೆ ಗ್ಯಾಪ್ 0.016ರಿಂದ 0.021 ಇಂಚು, ಅಂದರೆ ಸುಮಾರು 0.4ರಿಂದ 0.53 ಮಿಲಿಮೀಟರ್. ಸ್ಟಾರ್ಟ್ ಕಷ್ಟವಿರುವ ಎಂಜಿನ್ನಿಗೆ ಕಿರಿದಾದ ಕಡೆಗೇ ಇಡುವುದು ಒಳ್ಳೆಯದು, ಸೊರಗಿದ ಕಿಡಿಯೂ ಜಿಗಿಯುತ್ತದೆ. ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ಒಳಗಿನ ಪ್ರತಿರೋಧ ಅಳೆಯಿರಿ: 5000 ಓಮ್ ಮೀರಿದ್ದನ್ನು ಬದಲಿಸಿ. ನೋಡಲು ಹೊಸದರಂತಿರುವ ಪ್ಲಗ್ ಈ ಪರೀಕ್ಷೆಯಲ್ಲಿ ಸೋಲುವುದು ಅಪರೂಪವಲ್ಲ. ಕೆಳಗಿನ ಪ್ಲಗ್ಗುಗಳಲ್ಲಿ ಎಣ್ಣೆ, ಸೀಸದ ಗೋಲಿಗಳು ಕೂತಿವೆಯೇ ನೋಡಿ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಎಸೆಯಿರಿ, ಒಳಗಿನ ಪಿಂಗಾಣಿಯ ಬಿರುಕು ಕಣ್ಣಿಗೆ ಕಾಣದು. ಮತ್ತೆ ಹಾಕುವಾಗ ಹೊಸ ವಾಷರ್, ಮೊದಲ ಸುತ್ತನ್ನು ಬಿಟ್ಟು ತುಸುವೇ ಆ್ಯಂಟಿ-ಸೀಝ್. ಬಿಗಿತ ಲೈಕಮಿಂಗ್‌ಗೆ 35 ಫುಟ್-ಪೌಂಡ್, ಕಾಂಟಿನೆಂಟಲ್‌ಗೆ 25ರಿಂದ 30.

ಹಂತ 5: ಇಂಧನ

ಪ್ರೈಮರ್ ಎಂದರೆ ಕಾರ್ಬುರೇಟರನ್ನು ದಾಟಿ, ಸಿಲಿಂಡರಿನ ಗಾಳಿದಾರಿಗೆ ನೇರ ಇಂಧನ ಚಿಮುಕಿಸುವ ಕೈಪಂಪು. ನಿಧಾನಕ್ಕೆ ಎಳೆಯಿರಿ, ತುಂಬಿಕೊಳ್ಳಲು ಎರಡು ಮೂರು ಸೆಕೆಂಡ್ ಬಿಡಿ, ದೃಢವಾಗಿ ಒತ್ತಿ. ಒತ್ತುವಾಗ ಕೈಗೆ ಪ್ರತಿರೋಧ ಸಿಗಬೇಕು. ಖಾಲಿ ಖಾಲಿ ಅನ್ನಿಸಿದರೆ ಅದು ಗಾಳಿ ಎಳೆಯುತ್ತಿದೆ ಅಥವಾ ಒಳಗಿನ ಓ-ರಿಂಗ್ ಸವೆದಿದೆ. ಕಲ್ಲಿನಂತೆ ಗಟ್ಟಿಯಾದರೆ ನಳಿಕೆ ಕಟ್ಟಿದೆ. ಕಾರ್ಬುರೇಟರ್ ಇರುವ ಸೆಸ್ನಾ 172ರ ಕೈಪಿಡಿ ತಣ್ಣನೆಯ ಎಂಜಿನ್ನಿಗೆ 2ರಿಂದ 6 ಸಲ, ಬಿಸಿ ಎಂಜಿನ್ನಿಗೆ ಒಂದೂ ಬೇಡ ಎನ್ನುತ್ತದೆ. ಆಮೇಲೆ ಪ್ರೈಮರನ್ನು ಬೀಗದ ಸ್ಥಾನಕ್ಕೆ ತಿರುಗಿಸಲು ಮರೆಯಬೇಡಿ. ತೆರೆದೇ ಉಳಿದರೆ ಎಂಜಿನ್ ಅದರ ಮೂಲಕ ಇಂಧನ ಹೀರಿ ಐಡಲ್‌ನಲ್ಲಿ ಗಡಗಡಿಸುತ್ತದೆ.

ಥ್ರಾಟಲ್ ಪಂಪ್ ಮಾಡಿ ಸ್ಟಾರ್ಟ್ ಮಾಡುವ ಅಭ್ಯಾಸದ ಬಗ್ಗೆ ಗಂಭೀರವಾಗಿ ಒಂದು ಮಾತು. ಈ ಎಂಜಿನ್ನುಗಳ ಕಾರ್ಬುರೇಟರ್ ಇರುವುದು ಎಂಜಿನ್ನಿನ ಅಡಿಯಲ್ಲಿ. ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಸ್ಟಾರ್ಟರ್ ತಿರುಗದಿರುವಾಗ ಥ್ರಾಟಲ್ ಅಲ್ಲಾಡಿಸಿದರೆ ಚಿಮ್ಮಿದ ಪೆಟ್ರೋಲು ಮೇಲೆ ಹೋಗದೆ ಗಾಳಿಪೆಟ್ಟಿಗೆಗೆ ಸುರಿದು ನಿಲ್ಲುತ್ತದೆ. ಒಂದು ಹಿಮ್ಮುಖ ಉರಿ ಸಾಕು, ಅದಕ್ಕೆ ಬೆಂಕಿ ಹತ್ತಲು. ಹತ್ತಿದರೆ ಸ್ಟಾರ್ಟರ್ ಬಿಡಬೇಡಿ. ತಿರುಗಿಸುತ್ತಲೇ ಇರಿ, ಉರಿಯನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ಏಳದಿದ್ದರೆ ಮಿಕ್ಸ್ಚರ್ ಕಟ್-ಆಫ್, ಥ್ರಾಟಲ್ ಪೂರ್ತಿ ತೆರೆದು, ಇಂಧನ ಮುಚ್ಚಿ, ತಿರುಗಿಸುವುದನ್ನು ಮುಂದುವರಿಸಿ. ಈ ಕ್ರಮವನ್ನು ಕೈಪಿಡಿಯಿಂದ ಬಾಯಿಪಾಠ ಮಾಡಿಟ್ಟುಕೊಳ್ಳಿ. ಹುಡುಕಿ ಓದುವಷ್ಟು ಹೊತ್ತು ಆಗ ಸಿಗುವುದಿಲ್ಲ.

ಲೈಕಮಿಂಗ್‌ನ ಇಂಧನ ಚಿಮ್ಮಿಸುವ, ಅಂದರೆ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ ತಣ್ಣಗಿದ್ದಾಗ: ಥ್ರಾಟಲ್ ಕಾಲು ಇಂಚು, ವಿದ್ಯುತ್ ಪಂಪ್ ಆನ್, ಮಿಕ್ಸ್ಚರ್ ಪೂರ್ತಿ ಮುಂದೆ, ಫ್ಯೂಯೆಲ್ ಫ್ಲೋ ಮುಳ್ಳು ಏರಿ ಸ್ಥಿರವಾದ ಮೇಲೆ, ಸಾಮಾನ್ಯವಾಗಿ 3ರಿಂದ 5 ಸೆಕೆಂಡ್, ಮಿಕ್ಸ್ಚರ್ ಕಟ್-ಆಫ್‌ಗೆ. ಆಮೇಲೆ ಸ್ಟಾರ್ಟರ್, ಎಂಜಿನ್ ಹೊತ್ತಿಕೊಂಡಾಗ ಮಿಕ್ಸ್ಚರ್ ಮುಂದಕ್ಕೆ. ಮುಳ್ಳೇ ಏರದಿದ್ದರೆ ಪಂಪು, ಫಿಲ್ಟರ್, ಇಂಧನದ ಕವಾಟ ನೋಡಬೇಕು. ಒಂದೆರಡು ಸಿಲಿಂಡರ್ ಮಾತ್ರ ಹೊತ್ತಿಕೊಂಡರೆ ನಳಿಕೆ ಕಟ್ಟಿರಬಹುದು. ಎಲ್ಲ ನಳಿಕೆಗಳನ್ನೂ ಒಂದೇ ಅಳತೆಯ ಸೀಸೆಗಳಿಗೆ ಬಿಟ್ಟು, ಅಷ್ಟೇ ಹೊತ್ತು ಪಂಪ್ ಓಡಿಸಿದರೆ ಮಟ್ಟದ ವ್ಯತ್ಯಾಸವೇ ಹೇಳುತ್ತದೆ. ನಳಿಕೆಯನ್ನು ದ್ರಾವಕದಲ್ಲಿ ನೆನೆಸಿ ಊದಿ ತೆಗೆಯಬೇಕು. ತಂತಿ ಚುಚ್ಚಿದರೆ ರಂಧ್ರದ ಅಳತೆ ಕೆಟ್ಟು ಅದನ್ನು ಎಸೆಯಬೇಕಾಗುತ್ತದೆ.

ಮಿಕ್ಸ್ಚರ್ ಕೇಬಲ್ ಜಾರಿದೆಯೇ ಎಂಬುದನ್ನು ನೋಡಲು ಎರಡು ನಿಮಿಷ ಸಾಕು. ಒಬ್ಬರು ಒಳಗೆ ಗುಬ್ಬಿಯನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಎಂಜಿನ್ ಬಳಿ ಸನ್ನೆಕೋಲು ತನ್ನ ತಡೆಗೆ ತಾಗಿತೇ ನೋಡಲಿ. ತಾಗದಿದ್ದರೆ ಹುಡುಕುತ್ತಿದ್ದ ಉತ್ತರ ಸಿಕ್ಕಿತು.

ಹಂತ 6: ಬಿಸಿ ಎಂಜಿನ್

ಎಂಜಿನ್ ನಿಂತ ಮೇಲೆ ತಣಿಸುವ ಗಾಳಿಯೂ ನಿಲ್ಲುತ್ತದೆ. ಸಿಲಿಂಡರುಗಳ ಕಾವು ಮುಚ್ಚಳದೊಳಗೆ ತುಂಬಿ, ಅವುಗಳ ಮೇಲೆ ಹಾದ ತೆಳು ಕೊಳವೆಗಳಲ್ಲಿನ ಇಂಧನ ಕುದಿಯುತ್ತದೆ. ಪಂಪು ದ್ರವ ತಳ್ಳುವ ಬದಲು ಆವಿಯನ್ನು ಕಲಕುತ್ತ ಕೂರುತ್ತದೆ, ಇದೇ ವೇಪರ್ ಲಾಕ್. ನಿಂತ ಐದೇ ನಿಮಿಷಕ್ಕೆ ಮತ್ತೆ ಹೊರಟರೆ ಸುಲಭಕ್ಕೆ ಏಳುವ ಎಂಜಿನ್ ಅರ್ಧ ಗಂಟೆ ಬಿಟ್ಟು ಬಂದಾಗ ಸತಾಯಿಸುವುದು ಇದಕ್ಕೇ.

ಲೈಕಮಿಂಗ್ ಇಂಜೆಕ್ಷನ್‌ನಲ್ಲಿ ಪ್ರೈಮ್ ಬೇಡ: ಮಿಕ್ಸ್ಚರ್ ಕಟ್-ಆಫ್, ಥ್ರಾಟಲ್ ಸುಮಾರು ಅರ್ಧ ಇಂಚು, ಸ್ಟಾರ್ಟರ್; ಕೊಳವೆಗಳಿಂದ ತೊಟ್ಟಿಕ್ಕಿ ಗಾಳಿದಾರಿಯಲ್ಲಿ ಉಳಿದ ಇಂಧನದಲ್ಲೇ ಹೊತ್ತಿಕೊಳ್ಳುತ್ತದೆ, ಆಗ ಮಿಕ್ಸ್ಚರನ್ನು ನಿಧಾನಕ್ಕೆ ಮುಂದೆ ತನ್ನಿ. ಕಾಂಟಿನೆಂಟಲ್‌ನ ಏರ್ಪಾಡು ಬೇರೆ. ಅದರ ಪಂಪಿನಿಂದ ಟ್ಯಾಂಕಿಗೆ ಹಿಂದಿರುಗುವ ಕೊಳವೆ ಇದೆ. ಹಾಗಾಗಿ ಮಿಕ್ಸ್ಚರ್ ಕಟ್-ಆಫ್‌ನಲ್ಲೇ ಇಟ್ಟು, ವಿದ್ಯುತ್ ಪಂಪನ್ನು ಹೈನಲ್ಲಿ 30ರಿಂದ 60 ಸೆಕೆಂಡ್ ಓಡಿಸಿದರೆ ಟ್ಯಾಂಕಿನ ತಂಪು ಇಂಧನ ಬಿಸಿ ಪಂಪಿನ ಮೂಲಕ ಸುತ್ತಿ ಆವಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಮಿಕ್ಸ್ಚರ್ ಮುಂದಿದ್ದರೆ ಇದೇ ಕೆಲಸ ಎಂಜಿನ್ನನ್ನು ಓವರ್‌ಫ್ಲೋ ಮಾಡುತ್ತದೆ, ಆದ್ದರಿಂದ ಎರಡು ಸಲ ನೋಡಿಕೊಳ್ಳಿ. ನಿಲ್ಲಿಸುವಾಗ ಮೂತಿಯನ್ನು ಗಾಳಿಗೆ ಎದುರಾಗಿಸಿ, ಎಣ್ಣೆ ನೋಡುವ ಬಾಗಿಲನ್ನು ತೆರೆದಿಟ್ಟರೆ ಕಾವು ಹೊರಹೋಗುತ್ತದೆ. ಹೊರಡುವ ಮುನ್ನ ಮುಚ್ಚುವುದು ನೆನಪಿರಲಿ.

ಬಿಸಿ ಇದ್ದಾಗ ಮಾತ್ರ ಕಿಡಿಯೇ ಇಲ್ಲವಾದರೆ ಅದು ವೇಪರ್ ಲಾಕ್ ಅಲ್ಲ. ಮ್ಯಾಗ್ನೆಟೊದ ಕಾಯಿಲ್ ಅಥವಾ ಕಂಡೆನ್ಸರ್ ಕಾವಿಗೆ ಸೋಲುತ್ತಿರಬಹುದು. ತಣ್ಣಗಿದ್ದಾಗ ಪರೀಕ್ಷಿಸಿದರೆ ಸರಿಯೆಂದೇ ತೋರುತ್ತದೆ.

ಹಂತ 7: ಚಳಿ

ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲೈಕಮಿಂಗ್‌ನ ಹೆಚ್ಚಿನ ಎಂಜಿನ್ನುಗಳನ್ನು, ಮೈನಸ್ 7ಕ್ಕಿಂತ ಕೆಳಗೆ ಕಾಂಟಿನೆಂಟಲ್ ಎಂಜಿನ್ನುಗಳನ್ನು ಮೊದಲೇ ಬಿಸಿ ಮಾಡಬೇಕು. ಸಿಲಿಂಡರಿಗೆ ಮಾತ್ರ ಬಿಸಿಗಾಳಿ ಊದಿದರೆ ಎಂಜಿನ್ ಎದ್ದೇನೋ ಏಳುತ್ತದೆ, ಆದರೆ ತಳದ ಎಣ್ಣೆ ಹೆಪ್ಪಿನಂತೆ ಉಳಿದು ಬೇರಿಂಗ್ ಒಣಗಿ ಸವೆಯುತ್ತವೆ. ಎಣ್ಣೆತೊಟ್ಟಿಯಿಂದ ತುದಿಯವರೆಗೆ ಇಡೀ ಎಂಜಿನ್ ಬೆಚ್ಚಗಾಗಲಿ. ಎದ್ದ ಮೇಲೆ 30 ಸೆಕೆಂಡಿನೊಳಗೆ, ಕಡುಚಳಿಯಲ್ಲಿ ಸುಮಾರು 60 ಸೆಕೆಂಡಿನೊಳಗೆ ಎಣ್ಣೆಯ ಒತ್ತಡ ಕಾಣದಿದ್ದರೆ ಕೂಡಲೇ ನಿಲ್ಲಿಸಿ.

ಎರಡು ಮೂರು ಸಲ ಹೊತ್ತಿ ಸತ್ತ ಎಂಜಿನ್ ಆಮೇಲೆ ಸುಳಿವೇ ಕೊಡದಿದ್ದರೆ, ಉರಿಯಲ್ಲಿ ಹುಟ್ಟಿದ ನೀರಾವಿ ಪ್ಲಗ್ಗಿನ ತುದಿಯಲ್ಲಿ ಹೆಪ್ಪುಗಟ್ಟಿ ಗ್ಯಾಪ್ ಮುಚ್ಚಿದೆ. ಇನ್ನೆಷ್ಟು ತಿರುಗಿಸಿದರೂ ಅದು ಕರಗುವುದಿಲ್ಲ. ಎಂಜಿನ್ ಬಿಸಿ ಮಾಡಿ, ಇಲ್ಲವೇ ಪ್ಲಗ್ ಬಿಚ್ಚಿ ಬೆಚ್ಚಗೆ ಒಣಗಿಸಿ ಹಾಕಿ.

ಚಳಿಯಲ್ಲಿ ಎದ್ದ ಮೊದಲ ನಿಮಿಷ ಒಂದು ಸಿಲಿಂಡರ್ ಸತ್ತಂತೆ ಗಡಗಡಿಸಿ ಆಮೇಲೆ ತಾನೇ ಸರಿಹೋಗುವುದು ಲೈಕಮಿಂಗ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ಅದರ ಗೈಡಿನಲ್ಲಿ ಅಂಟುವುದರ ಮುನ್ಸೂಚನೆ. ಸರಿಹೋಯಿತಲ್ಲ ಎಂದು ಹಾರಬೇಡಿ. ಪೂರ್ತಿ ಅಂಟಿದ ದಿನ ವಾಲ್ವನ್ನು ತೆರೆಸುವ ಪುಶ್‌ರಾಡ್ ಬಾಗುತ್ತದೆ, ಅದು ಗಾಳಿಯಲ್ಲಿದ್ದಾಗಲೂ ಆಗಬಹುದು.

ಹಂತ 8: ಸೋರುವ ಗಾಳಿ, ಒತ್ತಡ

ಗಾಳಿದಾರಿಯ ಗ್ಯಾಸ್ಕೆಟ್ ಅಥವಾ ರಬ್ಬರ್ ಜೋಡಣೆ ಬಿರುಕುಬಿಟ್ಟರೆ ಅಲ್ಲಿಂದ ಹೆಚ್ಚುವರಿ ಗಾಳಿ ನುಗ್ಗುತ್ತದೆ. ಥ್ರಾಟಲ್ ಮುಚ್ಚಿದಷ್ಟೂ ಅದರ ಪರಿಣಾಮ ಹೆಚ್ಚು. ಸ್ಟಾರ್ಟ್ ಕಷ್ಟ, ಐಡಲ್ ಒರಟು, ವೇಗ ಏರಿಸಿದರೆ ನಯ ಎನ್ನುವ ಮೂರೂ ಸೇರಿದರೆ ಇದನ್ನು ಶಂಕಿಸಿ. ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯಿಯನ್ನು ಗಾಳಿದಾರಿಗೆ ಹಿಡಿದು, ಜೋಡಣೆಗಳಿಗೆ ಸೋಪಿನ ನೀರು ಸವರಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ. ಐಡಲ್ ಮಿಶ್ರಣ ಸರಿಯಿದೆಯೇ ಎಂದು ತಿಳಿಯಲು, ಬಿಸಿಯಾದ ಎಂಜಿನ್ನನ್ನು ಐಡಲ್‌ನಿಂದ ನಿಲ್ಲಿಸುವಾಗ ಮಿಕ್ಸ್ಚರನ್ನು ನಿಧಾನಕ್ಕೆ ಎಳೆಯಿರಿ. ನಿಲ್ಲುವ ಮುನ್ನ ವೇಗ 25ರಿಂದ 50 ಆರ್‌ಪಿಎಂ ಏರಬೇಕು. ಏರದೆ ನೇರ ಬಿದ್ದರೆ ಮಿಶ್ರಣ ತೆಳು, 50 ದಾಟಿದರೆ ಗಾಢ.

ಸಿಲಿಂಡರಿನ ಒತ್ತಡ ಪರೀಕ್ಷೆ ಕೊನೆಗಿರಲಿ. ಒಂದು ಸಿಲಿಂಡರ್ ದುರ್ಬಲವಾದರೂ ಉಳಿದವು ಎಂಜಿನ್ನನ್ನು ಎಬ್ಬಿಸುತ್ತವೆ; ಸ್ಟಾರ್ಟ್ ತೊಂದರೆಗೆ ಇದು ಒಂಟಿ ಕಾರಣವಾಗುವುದು ಕಡಿಮೆ.

ರೋಟ್ಯಾಕ್ಸ್ 912 ಇರುವವರಿಗೆ

ಇದರಲ್ಲಿ ಮ್ಯಾಗ್ನೆಟೊ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇದೆ. ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಸುಮಾರು 220 ಸುತ್ತು ತಲುಪದೆ ಅದು ಕಿಡಿ ಕೊಡುವುದೇ ಇಲ್ಲ, ಹಾಗಾಗಿ ಇಲ್ಲಿ ಸೋತ ಬ್ಯಾಟರಿಯೇ ಮೊದಲ ಆರೋಪಿ. ಕಾರ್ಬುರೇಟರ್ ಮಾದರಿಗಳಲ್ಲಿ ಚೋಕ್ ಕೆಲಸ ಮಾಡಬೇಕಾದರೆ ಥ್ರಾಟಲ್ ಪೂರ್ತಿ ಮುಚ್ಚಿರಬೇಕು. ಲೈಕಮಿಂಗ್ ಅಭ್ಯಾಸದಲ್ಲಿ ತುಸು ತೆರೆದವರಿಗೆ ಚೋಕ್ ಎಳೆದರೂ ಎಂಜಿನ್ ಏಳುವುದಿಲ್ಲ. ಎರಡು ಚೋಕ್ ಕೇಬಲ್‌ಗಳೂ ತಮ್ಮ ಪೂರ್ತಿ ದೂರ ಸಾಗುತ್ತಿವೆಯೇ ಎಂದು ಎರಡೂ ಕಾರ್ಬುರೇಟರ್ ಬಳಿ ನೋಡಿ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್, ಮ್ಯಾಗ್ನೆಟೊ, ಬ್ಯಾಟರಿ ಮೂರನ್ನೂ ಒಂದೇ ದಿನ ಬದಲಿಸಿದರೆ ಎಂಜಿನ್ ಎದ್ದೀತು, ಯಾವುದು ಕೆಟ್ಟಿತ್ತೆಂಬುದು ತಿಳಿಯದೆ ಉಳಿದೀತು. ರಾತ್ರಿಯಿಡೀ ನಿಂತ ತಣ್ಣನೆಯ ಎಂಜಿನ್ನಿನಲ್ಲಿ ಒಮ್ಮೆ, ಹಾರಿಬಂದು ಅರ್ಧ ಗಂಟೆ ನಿಂತ ಬಿಸಿ ಎಂಜಿನ್ನಿನಲ್ಲಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಎರಡೂ ಸಲ ಐಡಲ್‌ನಲ್ಲಿ ಕೀಲಿಯನ್ನು ಕ್ಷಣಮಾತ್ರ ಆಫ್‌ಗೆ ತಿರುಗಿಸಿ ಮರಳಿ ಬೋತ್‌ಗೆ, ಅಂದರೆ ಎರಡೂ ಮ್ಯಾಗ್ನೆಟೊ ಕೆಲಸ ಮಾಡುವ ಸ್ಥಾನಕ್ಕೆ, ತನ್ನಿ. ಆ ಕ್ಷಣ ಎಂಜಿನ್ ಉಸಿರುಗಟ್ಟಿದಂತಾದರೆ ಪಿ-ಲೀಡ್‌ಗಳು ಸರಿಯಿವೆ. ಏನೂ ಆಗದಂತೆ ಓಡುತ್ತಲೇ ಇದ್ದರೆ ಮ್ಯಾಗ್ನೆಟೊ ಜೀವಂತವಾಗಿದೆ: ಮಿಕ್ಸ್ಚರಿನಿಂದ ನಿಲ್ಲಿಸಿ, ಪ್ರೊಪೆಲ್ಲರಿಗೆ ಎಚ್ಚರಿಕೆಯ ಫಲಕ ಕಟ್ಟಿ, ಎಂಜಿನಿಯರ್ ಬರುವವರೆಗೆ ಯಾರನ್ನೂ ಅದರ ಹತ್ತಿರ ಬಿಡಬೇಡಿ.